ನಾಲ್ಕನೆಯ ದೊಡ್ಡಿಯ ಗೋಗ್ರಾಸ

ಇಡ್ಲಿ ಹಿಟ್ಟಿನ ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹ್ಯೂಸ್ಟನ್ನಿನಿಂದ ಸೀಡರ್ ಪಾರ್ಕ್‌ವರೆಗೆ ಮೂರು ತಾಸು ಡ್ರೈವ್ ಮಾಡಬಾರದು, ಅದರಲ್ಲೂ ಮೇ ತಿಂಗಳಲ್ಲಿ. ಗೊತ್ತಿದ್ದೂ ಮಾಡಿದೆ. ಗೆಳತಿಯೊಬ್ಬಳ ಗೃಹಪ್ರವೇಶಕ್ಕೆ ನೂರು ಇಡ್ಲಿ ನನ್ನದು ಎಂದು ಜಂಬದಿಂದ ಒಪ್ಪಿಕೊಂಡಿದ್ದೆ. ಕ್ಲಿಯರ್ ಲೇಕಿನ ನಮ್ಮ ಮನೆಯಲ್ಲಿ ಹಿಂದಿನ ದಿನ ರುಬ್ಬಿಟ್ಟ ಹಿಟ್ಟು ಎಲ್ಗಿನ್ ಹತ್ತಿರ ಬರುವಷ್ಟರಲ್ಲಿ ಮುಚ್ಚಳ ನೂಕಿಕೊಂಡು ಹೊರಬಂದಿತ್ತು. ಮೊದಲು ವಾಸನೆ ಬಂತು. ರಸ್ತೆ ಬದಿಗೆ ನಿಲ್ಲಿಸಿ ಡಿಕ್ಕಿ ತೆಗೆದರೆ ಬಿಸಿಲಿಗೆ ಕಾದ ಹುಳಿ ಹವೆ ಮುಖಕ್ಕೇ ಬಡಿಯಿತು. ಹಾಳಾದ ಡಿಕ್ಕಿಯನ್ನು ನೋಡಿ ಅಳಬೇಕಿತ್ತು. ನನಗೆ ನೆನಪಾದದ್ದು ರೂಬಿಯ ದನದ ಯಾರ್ಡಿನ ಅಂಗಳ, ಸೆಪ್ಟೆಂಬರಿನ ಬಿಸಿಲು, ಆಸ್ಟಿನ್ನಿನಿಂದ ಬಂದ ಲಾರಿ ಹಬೆಯಾಡುತ್ತ ಸುರಿಯುತ್ತಿದ್ದ ಬಾರ್ಲಿಯ ಚರಟ. ಅದೇ ಹುಳಿ, ಅದೇ ಬೆಚ್ಚಗಿನ ಸಿಹಿ. ಅವಳ ಊರಾದ ಟೇಲರ್ ಕಡೆ ಹೋಗುವ ರಸ್ತೆ ಮುಂದೆಯೇ ಇತ್ತು. ಇಡ್ಲಿ ಹೇಗೂ ಕೆಟ್ಟಿತ್ತು, ಕಾರು ತಿರುಗಿಸಿಬಿಟ್ಟೆ.

ನಾಲ್ಕು ವರ್ಷದ ಹಿಂದೆ ನಾವು ಸೀಡರ್ ಪಾರ್ಕಿನಲ್ಲಿದ್ದೆವು. ನನ್ನ ಗಂಡ ಶ್ರೀಕಾಂತ ಮೈಸೂರಿನವರು, ಟೇಲರ್‌ನಲ್ಲಿ ಆಗಿನ್ನೂ ಕಟ್ಟುತ್ತಿದ್ದ ದೊಡ್ಡ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್. ನಾನು ಹುಬ್ಬಳ್ಳಿಯವಳು, ಓದಿದ್ದು ಪಶುವೈದ್ಯ. ಇಲ್ಲಿ ನನ್ನ ಡಿಗ್ರಿಗೆ ಲೈಸೆನ್ಸ್ ಇಲ್ಲ, ಮತ್ತೆ ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುವ ಸಹನೆ ನನಗಿಲ್ಲ. ಎರಡು ವರ್ಷ ಮನೆಯಲ್ಲಿ ಕೂತು ಗಂಡನಿಗೆ ಡಬ್ಬಿ ಕಟ್ಟಿಕೊಟ್ಟೆ. ಹೂಕುಂಡಕ್ಕೆ ಗೊಬ್ಬರ ತರಲು ಟೇಲರ್‌ನ ಅಂಗಡಿಯೊಂದಕ್ಕೆ ಹೋದಾಗ ಗೋಡೆಯ ಮೇಲೆ ಒಂದು ಚೀಟಿ ಕಂಡಿತು: ದನದ ಯಾರ್ಡಿಗೆ ಮೇವು ಬೆರೆಸಲು ತಿಳಿದವರು ಬೇಕು. ಅವತ್ತು ಗೊಬ್ಬರ ಅಲ್ಲೇ ಮರೆತು ನೇರವಾಗಿ ಯಾರ್ಡಿಗೆ ಹೋದೆ.

ಚೀಟಿ ಅಂಟಿಸಿದ್ದವಳು ರೂಬಿ. ಎಪ್ಪತ್ತೆರಡು ವರ್ಷ, ಬಾರಕೋಲಿನಂಥ ಮೈ, ತಲೆಯ ಮೇಲೆ ಬಣ್ಣ ಹೋದ ಹ್ಯಾಟು. ಬಿಸಿಲಿರಲಿ, ಮೋಡವಿರಲಿ, ಊಟದ ಮೇಜೇ ಇರಲಿ, ಆ ಹ್ಯಾಟನ್ನು ಅವಳು ತೆಗೆದದ್ದನ್ನು ನಾನು ನೋಡಲಿಲ್ಲ. ಚರ್ಚಿನ ಬಾಗಿಲಲ್ಲಿ ಮಾತ್ರ ತೆಗೆಯುತ್ತಾಳೆ ಎಂದು ಅವಳ ಬಳಿ ಇಪ್ಪತ್ತೈದು ವರ್ಷದಿಂದ ಕೆಲಸ ಮಾಡುವ ರಮೋನ್ ಹೇಳುತ್ತಿದ್ದ. ಅವಳದೂ ರಮೋನನದೂ ಎಳೆದೆಳೆದು ಆಡುವ ಟೆಕ್ಸಾಸಿನ ಇಂಗ್ಲಿಷು. ನನ್ನ ಕಿವಿಗೆ ಅದು ಮೊದಲ ದಿನದಿಂದಲೂ ಹುಬ್ಬಳ್ಳಿಯ ಮಾತಿನ ಹಾಗೆಯೇ ಕೇಳಿಸಿತು, ಆದ್ದರಿಂದ ಹಾಗೆಯೇ ಬರೆಯುತ್ತೇನೆ.

"ನೀ ದನದ ಮಾಂಸ ತಿಂತೀ ಏನು?" ಎಂದು ಕೇಳಿದಳು.

"ತತ್ತೀನೂ ತಿನ್ನಂಗಿಲ್ಲ," ಎಂದೆ.

"ಛಲೋ ಆತು. ನನ್ನ ಹೋರಿ ಕದ್ದು ತಿನ್ನಾಕಿ ಅಲ್ಲ." ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು. "ಇವು ಕಸಾಯಿಖಾನೆಗೆ ಹೋಗೂ ದನ. ಅದು ನಿನಗ ನಡೀತದೇನು?"

ನಡೆಯುತ್ತದೆ ಎಂದೆ. ನಿಜ ಹೇಳಬೇಕೆಂದರೆ ನನಗೇ ಗೊತ್ತಿರಲಿಲ್ಲ. ದನ ಮುಟ್ಟಿ ಎರಡು ವರ್ಷವಾಗಿತ್ತು. ಬೇಲಿಯ ಸಂದಿನಿಂದ ಒಂದು ಹೋರಿ ಮೂಗು ಚಾಚಿ ನನ್ನ ಕೈಯನ್ನು ಮೂಸಿ ನೋಡುತ್ತಿತ್ತು. ಆ ಒದ್ದೆ ಮೂಗಿಗಾಗಿ ನಾನು ಇನ್ನೂ ದೊಡ್ಡ ಮಾತಿಗೂ ಹೂಂ ಅನ್ನುತ್ತಿದ್ದೆ.

ರೂಬಿಯ ಯಾರ್ಡು ದೊಡ್ಡದಲ್ಲ. ಎಂಟು ದೊಡ್ಡಿಗಳು, ಒಂದೊಂದರಲ್ಲಿ ಇಪ್ಪತ್ತು ಹೋರಿ. ಎಳೆಯ ಹೋರಿಗಳನ್ನು ತಂದು ಕೆಲವು ತಿಂಗಳು ಚೆನ್ನಾಗಿ ತಿನ್ನಿಸಿ, ಮೈ ತುಂಬಿದ ಮೇಲೆ ಕಳಿಸುವುದು ಅವಳ ಕಸುಬು. ಅದಕ್ಕೆ ಬೇಕಾದ ಗೋವಿನಜೋಳ ಹಿಂದೆ ಬೇಲಿಯಾಚೆಯ ಹೊಲಗಳಿಂದಲೇ ಬರುತ್ತಿತ್ತು. ಕಾರ್ಖಾನೆ ಬರುತ್ತದೆಂದು ಸುದ್ದಿಯಾದ ಮೇಲೆ ಆ ಹೊಲಗಳೆಲ್ಲ ಬಡಾವಣೆಗಳಾದವು. ಮೂರು ದಿಕ್ಕಿಗೆ ಮನೆಗಳೆದ್ದವು. ದೂರದ ಜೋಳವನ್ನು ಲಾರಿಯಲ್ಲಿ ತರಿಸಿ ದನ ಕೊಬ್ಬಿಸುವುದು ಇಷ್ಟು ಸಣ್ಣ ಯಾರ್ಡಿಗೆ ನಿಭಾಯಿಸುವ ಮಾತಲ್ಲ. ಹತ್ತಿ, ಅಕ್ಕಿ, ಬಾರ್ಲಿಗಳಿಂದ ಜನ ತಮಗೆ ಬೇಕಾದ್ದನ್ನು ತೆಗೆದುಕೊಂಡ ಮೇಲೆ ಉಳಿಯುತ್ತದಲ್ಲ, ಅದನ್ನೇ ತಿನ್ನಿಸಿ ಹೋರಿಗಳ ಮೈ ತುಂಬಿಸಲು ಬರುತ್ತದೆಯೇ ಎಂದು ನೋಡುವುದೊಂದೇ ಅವಳಿಗೆ ಉಳಿದ ದಾರಿ. ಮೂರನೆಯ ದೊಡ್ಡಿಗೆ ಎಂದಿನಂತೆ ಜೋಳ. ನಾಲ್ಕನೆಯ ದೊಡ್ಡಿಗೆ ನಾನು ಬೆರೆಸುವ ಉಳಿಕೆಯ ಮೇವು. ಜನವರಿಯಲ್ಲಿ ತೂಕ.

"ನಾಲ್ಕನೇದು ಮೂರನೇದರ ಸಮ ಬಂತಂದ್ರ ಯಾರ್ಡ್ ಇರ್ತದ," ಎಂದಳು ರೂಬಿ. "ಬರಲಿಲ್ಲಂದ್ರ ಬಿಲ್ಡರ್ ಕಾಗದಕ್ಕ ಸಹಿ ಹಾಕಿ ಡಲ್ಲಾಸಿಗೆ ಮಗಳ ಮನಿಗೆ ಹೋಗ್ತೀನಿ. ನನಗಂತ ಒಂದು ಖೋಲಿ ಇಟ್ಟಾಳ. ಬೂಟು ಹಾಕ್ಕೊಂಡು ಒಳಗ ಬರೂ ಹಂಗಿಲ್ಲ."

ಮಗಳ ಬಗ್ಗೆ ಅವಳಿಗೆ ಕೋಪವಿರಲಿಲ್ಲ. ಬೂಟು ಬಿಚ್ಚಿಟ್ಟ ಮೇಲೆ ತಾನು ಯಾರು ಎಂಬುದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಕಸದಿಂದ ರಸ ಎಂಬ ಮಾತನ್ನು ನಾನು ಆ ಸುಗ್ಗಿಯಲ್ಲಿ ಕಣ್ಣಾರೆ ಕಂಡೆ. ಟೇಲರ್ ಸುತ್ತಲಿನ ನೆಲ ನಮ್ಮ ಕಡೆಯ ಎರೆಮಣ್ಣೇ. ಮಳೆ ಬಂದರೆ ಬೂಟಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕಿನಲ್ಲಿ ಕೈ ಹಾಕಬಹುದು. ಅದರಲ್ಲಿ ಬೆಳೆಯುವುದೂ ಹತ್ತಿಯೇ. ಹತ್ತಿ ಹಿಂಜಿ ಅರಳೆ ತೆಗೆದ ಮೇಲೆ ಕಾಳು, ಕಾಳಿನ ಎಣ್ಣೆ ತೆಗೆದ ಮೇಲೆ ಸಿಪ್ಪೆ. ನಮ್ಮ ಅಪ್ಪ ಹುಬ್ಬಳ್ಳಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗುಮಾಸ್ತರಾಗಿದ್ದರು. ಹತ್ತಿಕಾಳು ನೆನೆಹಾಕಿ ರುಬ್ಬಿ ಎಮ್ಮೆಗೆ ಇಡುತ್ತಿದ್ದ ಓಣಿಯಲ್ಲಿ ಬೆಳೆದವಳು ನಾನು. ರೂಬಿಯ ಶೆಡ್ಡಿನಲ್ಲಿ ಬೆಳ್ಳಗೆ ಗುಡ್ಡೆಹಾಕಿದ್ದ ಹತ್ತಿಕಾಳು ನೋಡಿ ನನಗೆ ಊರಿನವರು ಯಾರೋ ಸಿಕ್ಕಂತಾಯಿತು.

ಆಸ್ಟಿನ್ನಿನ ಬಿಯರ್ ಕಾರ್ಖಾನೆಗಳಿಂದ ವಾರಕ್ಕೆ ಮೂರು ಸಲ ಬಾರ್ಲಿಯ ಚರಟ ಬರುತ್ತಿತ್ತು. ಬಾರ್ಲಿಯ ಸಿಹಿಯೆಲ್ಲ ಬಿಯರಿಗೆ ಹೋಗಿ, ಸಾರ ಉಳಿದ ಒದ್ದೆ ಚರಟ. ಹ್ಯೂಸ್ಟನ್ ಕಡೆಯ ಅಕ್ಕಿ ಗಿರಣಿಗಳಿಂದ ತೌಡು. ಧೂಳು ಕೂರಿಸಲು ಒಂದಿಷ್ಟು ಸಕ್ಕರೆ ಕಾರ್ಖಾನೆಯ ಕಾಕಂಬಿ. ಇವನ್ನೆಲ್ಲ ಹದವಾಗಿ ಬೆರೆಸುವುದು ಕಾಗದದ ಮೇಲೆ ಸುಲಭ. ನಿಜದಲ್ಲಿ ಮೊದಲ ವಾರ ಹೋರಿಗಳು ಮೂಗಿನಿಂದ ಮೇವನ್ನು ಗೋದಲಿಯಿಂದ ಆಚೆ ನೂಕಿ ನನ್ನನ್ನು ನೋಡಿದವು. ಬಿಸಿಲಿಗೆ ಚರಟ ಮೂರೇ ದಿನಕ್ಕೆ ಹುಳಿತು ನೊಣ ಮುತ್ತುತ್ತಿತ್ತು. ತೌಡು ಬೇಗ ಮುಗ್ಗುತ್ತಿತ್ತು. ಒಂದು ಲಾರಿಯ ಚರಟ ನೀರು ನೀರಾಗಿದ್ದರೆ ಮುಂದಿನದು ಗಟ್ಟಿ, ಹಾಗಾಗಿ ಅಳತೆಯೆಲ್ಲ ತಲೆಕೆಳಗು. ಕೊನೆಗೆ ನಾನು ತೇವ ಅಳೆಯುವ ಯಂತ್ರ ಬಿಟ್ಟು ಕಡುಬಿನ ಹಿಟ್ಟು ನೋಡುವ ಹಾಗೆ ಮುಷ್ಟಿಯಲ್ಲಿ ಹಿಂಡಿ ನೋಡತೊಡಗಿದೆ. ಬೆರಳ ಸಂದಿನಲ್ಲಿ ನೀರಿಳಿದರೆ ಇನ್ನಷ್ಟು ಸಿಪ್ಪೆ ಹಾಕಬೇಕು, ಉಂಡೆ ನಿಂತರೆ ಸರಿ. ರಮೋನ್ ಒಂದು ದಿನ ನಕ್ಕ, ಎರಡನೆಯ ದಿನ ತಾನೂ ಹಿಂಡಿ ನೋಡಿದ.

ರಮೋನ್ ನನಗೆ ಕಲಿಸಿದ್ದು ಅದಕ್ಕಿಂತ ದೊಡ್ಡದು. ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೇ ಅವನು ಗೋದಲಿಯ ಉದ್ದಕ್ಕೂ ನಡೆದು, ಏನು ಉಳಿದಿದೆ, ಯಾವ ಕಡೆ ಉಳಿದಿದೆ, ನೆಕ್ಕಿದ್ದಾವೋ ಇಲ್ಲವೋ ನೋಡುತ್ತಿದ್ದ. ಆಮೇಲೆ ಸಗಣಿ. ಆಮೇಲೆ ಎಷ್ಟು ಹೋರಿ ಮಲಗಿ ಮೆಲುಕು ಹಾಕುತ್ತಿವೆ ಎಂದು ಎಣಿಸುತ್ತಿದ್ದ. ನಮ್ಮ ಮದುವೆ ಮನೆಗಳಲ್ಲಿ ಬಡಿಸುವವರು ಎಲೆ ನೋಡಿಯೇ ಊಟ ಹೇಗಾಯಿತೆಂದು ಹೇಳುವುದಿಲ್ಲವೇ, ಹಾಗೆ. ಅವನು ಬೆರಳು ಎರಡು ಎತ್ತಿದರೆ ಅವತ್ತು ಎರಡು ಬುಟ್ಟಿ ಹೆಚ್ಚು, ತಲೆಯಾಡಿಸಿದರೆ ನಿನ್ನೆಯಷ್ಟೇ. ನನ್ನ ಡಿಗ್ರಿ ಅವನ ಎರಡು ಬೆರಳಿನ ಮುಂದೆ ಸುಮ್ಮನೆ ನಿಲ್ಲುತ್ತಿತ್ತು.

ಅಕ್ಟೋಬರ್ ಹೊತ್ತಿಗೆ ನಾಲ್ಕನೆಯ ದೊಡ್ಡಿಯ ಹೋರಿಗಳ ಬೆನ್ನು ಅಗಲವಾಗತೊಡಗಿತು. ಅದರಲ್ಲಿ ಕಿವಿಯ ಬಿಲ್ಲೆಯ ಮೇಲೆ ನಾಲ್ಕುನೂರ ಹದಿನೇಳು ಎಂದಿದ್ದ ಒಂದು ಹೋರಿಯಿತ್ತು, ಹಣೆಯಲ್ಲಿ ಬಿಳಿ ಚುಕ್ಕೆ. ಮೊದಲ ದಿನ ನನ್ನ ಕೈ ಮೂಸಿದ್ದು ಅದೇ. ಲಾರಿ ಬಂದರೆ ಮೊದಲು ಓಡಿ ಬರುವುದು ಅದೇ, ಉಳಿದವನ್ನು ಗುಮ್ಮಿ ಗೋದಲಿಯ ನಡುಭಾಗ ಹಿಡಿಯುವುದೂ ಅದೇ. ಮನುಷ್ಯ ಬೇಡವೆಂದು ಬಿಸಾಡಿದ ಸಿಪ್ಪೆಯನ್ನು ಒಳಗೆ ಹಾಕಿಕೊಂಡು ಮಲಗಿ ಮೆಲುಕು ಹಾಕುತ್ತ ಮೈಯಾಗಿಸಿಕೊಳ್ಳುವ ಆ ಪ್ರಾಣಿಯ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

"ನಿಮ್ಮ ಕಾರ್ಖಾನ್ಯಾಗ ಇಂಥಾದ್ದೊಂದು ಮಾಡಿ ತೋರಿಸ್ರಿ ನೋಡೋಣ," ಎಂದು ಶ್ರೀಕಾಂತರಿಗೆ ಹೇಳಿದೆ.

"ನಮ್ಮ ಚಿಪ್ ಸಗಣಿ ಹಾಕಲ್ಲ ಕಣೆ," ಎಂದರು ಅವರು.

ಹೊರಗೆ ಮಾತ್ರ ನಾನು ಬಾಯಿ ಬಿಡಲಿಲ್ಲ. ಸೀಡರ್ ಪಾರ್ಕಿನ ಕನ್ನಡದವರಿಗೆಲ್ಲ ಹಿರಿಯರು ಸರೋಜಾ ಆಂಟಿ, ಮೈಸೂರಿನವರು. ಮೂವತ್ತು ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಯಾರ ಮನೆಯಲ್ಲಿ ಬಾಣಂತನವಿದ್ದರೂ, ಯಾರ ಅಮ್ಮ ವೀಸಾದಲ್ಲಿ ಬಂದು ಜ್ವರ ಮಲಗಿದರೂ ಆಂಟಿ ಹಾಜರು. ಗಣೇಶನ ಹಬ್ಬದ ಊಟದಲ್ಲಿ ಅವರು ಏನು ಕೆಲಸ ಎಂದು ಕೇಳಿದಾಗ, ದನಗಳಿಗೆ ಮೇವು ಬೆರೆಸುತ್ತೇನೆ, ಬೆಳೆಯ ಉಳಿಕೆಯಿಂದ, ಎಂದೆ. ಆಂಟಿಯ ಮುಖ ಅರಳಿತು.

"ಗೋಶಾಲೆನಾ? ಟೆಕ್ಸಾಸ್‌ನಲ್ಲಿ ಗೋಸೇವೆ ಮಾಡ್ತಿದ್ಯಾ? ನೋಡ್ರೇ ಈ ಮಗೂನ."

ಸುತ್ತಲಿದ್ದವರೆಲ್ಲ ನೋಡಿದರು. ನಾನು ನಕ್ಕು ಕೋಸಂಬರಿ ಹಾಕಿಕೊಂಡೆ. ಮನೆಗೆ ಬರುವಾಗ ಕಾರಿನಲ್ಲಿ ಶ್ರೀಕಾಂತ, "ಹೇಳಿಬಿಡು. ನಾಳೆ ಗೊತ್ತಾದ್ರೆ ಇನ್ನೂ ಕಷ್ಟ," ಎಂದರು. "ಸುಮ್ನಿರ್ರಿ, ಮಾತು ಬೆಳ್ಳಿ, ಮೌನ ಬಂಗಾರ," ಎಂದೆ. ಎರಡು ತಿಂಗಳು ನಾನು ಆ ಬಂಗಾರವನ್ನು ಮೈತುಂಬ ಹಾಕಿಕೊಂಡು ಓಡಾಡಿದೆ. ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಹೊಗಳಿಕೆ ಬೇಡವೆನ್ನುವಷ್ಟು ದೊಡ್ಡವಳು ನಾನಲ್ಲ.

ದೀಪಾವಳಿಯ ಶನಿವಾರ ಶಾಲೆಯೊಂದರ ಹಾಲ್‌ನಲ್ಲಿ ಎಲ್ಲರ ಊಟವಿತ್ತು. ಬೆಳಗ್ಗೆ ಅರೆತೋಳಿನ ಅಂಗಿಯ ಸೆಕೆ, ಮಧ್ಯಾಹ್ನ ಉತ್ತರದ ಗಾಳಿ ನುಗ್ಗಿ ಹಲ್ಲು ಕಡಿಯುವ ಚಳಿ, ಮೇಲೆ ಮಳೆ. ಬರಬೇಕಾದವರಲ್ಲಿ ಅರ್ಧ ಜನ ಬರಲಿಲ್ಲ, ಅಡುಗೆ ಬೆಟ್ಟದಷ್ಟು ಉಳಿಯಿತು. ಮರುದಿನ ಭಾನುವಾರ ನಾನು ತೌಡು ನೋಡಲು ಹ್ಯೂಸ್ಟನ್ ಕಡೆಯ ಗಿರಣಿಗೆ ಹೋಗಿದ್ದೆ. ರೂಬಿ ಡಲ್ಲಾಸಿನಲ್ಲಿ ಮಗಳ ಮನೆಯಲ್ಲಿದ್ದಳು. ಗಿರಣಿಯ ಗದ್ದಲದಲ್ಲಿ ಫೋನ್ ಕೇಳಿಸಲಿಲ್ಲ. ಹೊರಬಂದು ನೋಡಿದರೆ ಸರೋಜಾ ಆಂಟಿಯ ಮೂರು ಮಿಸ್ಡ್ ಕಾಲ್. ಪಾತ್ರೆ ಯಾರ ಮನೆಗೆ ಹೋಯಿತೆಂಬ ವಿಚಾರಣೆ ಇರಬೇಕು ಎಂದುಕೊಂಡು ನಾನು ತಿರುಗಿ ಮಾಡಲಿಲ್ಲ.

ಸೋಮವಾರ ಬೆಳಗ್ಗೆ ಯಾರ್ಡಿನ ಗೇಟು ದಾಟುವಾಗಲೇ ರಮೋನ್ ಎದುರು ಬಂದ. ನಾಲ್ಕನೆಯ ದೊಡ್ಡಿಯಲ್ಲಿ ಏಳು ಹೋರಿಗಳು ನಿಲ್ಲಲಾರದೆ ಮಲಗಿದ್ದವು. ಎಡ ಹೊಟ್ಟೆ ಉಬ್ಬಿತ್ತು, ಕಣ್ಣು ಗುಳಿಬಿದ್ದಿತ್ತು, ಬೂದು ಬಣ್ಣದ ಸಗಣಿ ನೊರೆನೊರೆಯಾಗಿ ಹರಿದಿತ್ತು. ಒಂದೂ ಮೆಲುಕು ಹಾಕುತ್ತಿರಲಿಲ್ಲ. ಬೇಲಿಯ ಕಂಬಕ್ಕೆ ಕುಂಕುಮ ಹಚ್ಚಿತ್ತು. ಗೋದಲಿಯ ಮೂಲೆಯಲ್ಲಿ ಅರ್ಧ ತಿಂದ ಚೆಂಡುಹೂವಿನ ಮಾಲೆ, ಅದರ ಪಕ್ಕ ಒಂದು ತುಂಡು ಹೋಳಿಗೆ.

"ನಿಮ್ಮ ಮಂದಿ ನಿನ್ನಿ ನಾಲ್ಕು ಕಾರಿನ್ಯಾಗ ಬಂದಿದ್ರು," ಎಂದ ರಮೋನ್. "ಟ್ರೇ ತಂದಿದ್ರು, ನಿಮ್ಮ ಹೆಸರು ಹೇಳಿದ್ರು. ನೀವ ಕಳಿಸಿದ ಹೊಸಾ ಮೇವು ಅಂದ್ಕೊಂಡು ನಾಲ್ಕನೇದಕ್ಕ ಬಿಟ್ಟೆ. ಇಲ್ಲಿಗೆ ಎಲ್ಲಾ ಕಡಿಂದ ಉಳಿದಿದ್ದ ಬರ್ತದಲ್ಲ."

ಅವನ ಮಾತಿನಲ್ಲಿ ತಪ್ಪೇ ಇರಲಿಲ್ಲ. ಮೂರು ತಿಂಗಳಿಂದ ಊರಿನ ಉಳಿಕೆಯನ್ನೆಲ್ಲ ತರಿಸಿ ಸುರಿಸಿದವಳು ನಾನೇ. ಆಂಟಿಯೂ ತಪ್ಪು ಮಾಡಿರಲಿಲ್ಲ. ನಮ್ಮಲ್ಲಿ ಹಬ್ಬದ ದಿನ ತಾವು ಉಣ್ಣುವ ಮೊದಲು ಹಸುವಿಗೊಂದು ತುತ್ತು ಎತ್ತಿಡುತ್ತಾರೆ, ಗೋಗ್ರಾಸವೆಂದು. ಪರದೇಶದಲ್ಲಿ ಹಸುವೆಲ್ಲಿ ಸಿಗಬೇಕು? ಸಿಕ್ಕಿತೆಂದು ಸಂತೋಷಪಟ್ಟು, ನಾನು ಫೋನ್ ಎತ್ತದಿದ್ದರೂ ಎಲ್ಲರನ್ನೂ ಹೊರಡಿಸಿಕೊಂಡು ಬಂದಿದ್ದರು. ಆದರೆ ನನ್ನ ಮೇವಿನಲ್ಲಿ ಹಿಟ್ಟಿನ ಅಂಶ ತೀರ ಕಡಿಮೆ. ಅದಕ್ಕೇ ಒಗ್ಗಿದ್ದ ಹೊಟ್ಟೆಗೆ ಒಮ್ಮೆಗೇ ಬೆಂದ ಅನ್ನ, ಬೆಲ್ಲ, ಸಕ್ಕರೆ ಬಿದ್ದರೆ ಒಳಗೆಲ್ಲ ಹುಳಿಯಾಗಿ ರಕ್ತಕ್ಕೇ ಏರುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ಗಾದೆ ಕಟ್ಟಿದವರು ದನ ಸಾಕಿದವರೇ ಇರಬೇಕು. ಬಲವಿದ್ದ ಏಳು ಹೋರಿಗಳು ಉಳಿದವನ್ನು ಗುಮ್ಮಿ ಓಡಿಸಿ ತಾವೇ ತಿಂದಿದ್ದವು. ನಾಲ್ಕುನೂರ ಹದಿನೇಳು ಎಲ್ಲಕ್ಕಿಂತ ಹೆಚ್ಚು ತಿಂದಿರಬೇಕು, ಅದು ಕತ್ತನ್ನು ಪಕ್ಕೆಗೆ ಒರಗಿಸಿ ಮಲಗಿತ್ತು.

ಟೇಲರ್‌ನ ವೆಟ್‌ಗೆ ಫೋನ್ ಮಾಡಿದೆ. ಬರಲು ಎರಡು ತಾಸಾಗುತ್ತದೆ, ಅಲ್ಲಿಯವರೆಗೆ ಏನೇನು ಮಾಡಬೇಕು ಎಂದು ಹೇಳಿದ. ತಿಂದದ್ದು ಎಷ್ಟು, ಏನು ಎಂದು ಕೇಳಿದ. ಅದಕ್ಕೆ ಆಂಟಿಗೇ ಫೋನ್ ಮಾಡಬೇಕಾಯಿತು.

"ಹದಿನಾರು ಟ್ರೇ," ಎಂದರು ಆಂಟಿ, ಆಸ್ಪತ್ರೆಯ ಚಾರ್ಟ್ ಓದಿದ ಹಾಗೆ. "ಆರು ಅನ್ನ, ನಾಲ್ಕು ಪುಳಿಯೋಗರೆ, ಮೂರು ಕೇಸರಿಬಾತ್, ಎರಡು ಹೋಳಿಗೆ, ಒಂದು ಚಪಾತಿ. ಯಾಕಮ್ಮ, ಏನಾಯ್ತು?"

ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. "ಆಂಟಿ, ಇದು ಗೋಶಾಲಿ ಅಲ್ರಿ. ಇವು ಮಾಂಸಕ್ಕ ಸಾಕಿದ ಹೋರಿ. ಜನವರಿಯಾಗ ಹೋಗ್ತಾವ."

ಅತ್ತ ಕಡೆ ಆಂಟಿ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.

"ಗೋಶಾಲೆ ಅಂತ ನೀನೇ ಹೇಳಿದ್ಯಲ್ಲ."

"ನಾ ಹೇಳಲಿಲ್ರಿ. ನೀವು ಅಂದಾಗ ಸುಮ್ಮನಿದ್ದೆ."

"ಸುಮ್ಮನಿದ್ದಿದ್ದೂ ಹೇಳಿದ ಹಾಗೇನೇ," ಎಂದು ಫೋನ್ ಇಟ್ಟರು.

ಇನ್ನು ಅವರ ಮುಖ ನೋಡುವ ಭಾಗ್ಯವಿಲ್ಲ ಎಂದುಕೊಂಡು ಕೆಲಸಕ್ಕೆ ಇಳಿದೆ. ಮಾಡಿದ್ದುಣ್ಣೋ ಮಹಾರಾಯ. ರಮೋನ್ ಹೋರಿಯ ತಲೆ ಹಿಡಿದರೆ ನಾನು ಬಾಯಿಯ ಮೂಲಕ ಹೊಟ್ಟೆಗೆ ಟ್ಯೂಬ್ ಇಳಿಸಿ, ಹುಳಿ ಇಳಿಸುವ ಅಡುಗೆ ಸೋಡಾ ಕಲಸಿದ ನೀರು ಹಾಕುತ್ತಿದ್ದೆ. ಬಕೆಟ್ ಎತ್ತಿ ಹಿಡಿಯಲು ಮೂರನೆಯ ಜೋಡಿ ಕೈಯಿಲ್ಲದೆ ಒದ್ದಾಡುತ್ತಿದ್ದೆವು. ಎರಡನೆಯ ಹೋರಿ ಮುಗಿಯುವಷ್ಟರಲ್ಲಿ ಶೆಡ್ಡಿನಲ್ಲಿದ್ದ ಸೋಡಾ ತಳ ಕಂಡಿತು. ಆಗ ಗೇಟಿನ ಬಳಿ ಕಾರು ನಿಂತ ಸದ್ದಾಯಿತು. ನೂಲಿನ ಸೀರೆ, ಮೇಲೊಂದು ಗಂಡನ ಜಾಕೆಟ್, ಕಾಲಿಗೆ ಸ್ನೀಕರ್ಸ್. ಸರೋಜಾ ಆಂಟಿ ಡಿಕ್ಕಿಯಿಂದ ಅಡುಗೆ ಸೋಡಾದ ದೊಡ್ಡ ಚೀಲಗಳನ್ನು ಇಳಿಸುತ್ತಿದ್ದರು. ಅಂಗಡಿಯಲ್ಲಿದ್ದದ್ದನ್ನೆಲ್ಲ ತಂದಿದ್ದರು.

"ಆಂಟಿ, ನೀವು..."

"ಹೊಟ್ಟೆನೋವು ಬಂದಿರೋದು ಇವಕ್ಕೆ. ಆಮೇಲೆ ಎಲ್ಲಿಗೆ ಹೋಗ್ತವೆ ಅಂತ ನಾನು ಆಮೇಲೆ ಅಳ್ತೀನಿ," ಎಂದರು. "ಬಕೆಟ್ ಕೊಡು."

ಎಪ್ಪತ್ತರ ಆ ಹೆಂಗಸು ಎರೆಮಣ್ಣಿನ ಕೆಸರಿನಲ್ಲಿ ಮಧ್ಯಾಹ್ನದವರೆಗೆ ಬಕೆಟ್ ಎತ್ತಿ ಹಿಡಿದು ನಿಂತರು. ನರ್ಸ್ ಕೈ ನರ್ಸ್ ಕೈಯೇ. ಟ್ಯೂಬಿನಲ್ಲಿ ನೀರು ಯಾವ ವೇಗದಲ್ಲಿ ಇಳಿಯಬೇಕು ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ನನ್ನ ಜೊತೆ ಮಾತ್ರ ಕೆಲಸದ ಮಾತು ಬಿಟ್ಟು ಒಂದು ಅಕ್ಷರ ಆಡಲಿಲ್ಲ. ವೆಟ್ ಬಂದ, ಸೂಜಿ ಚುಚ್ಚಿದ, ಆರು ಉಳಿಯಬಹುದು ಎಂದ. ನಾಲ್ಕುನೂರ ಹದಿನೇಳರ ತಲೆಯನ್ನು ಆಂಟಿ ತೊಡೆಯ ಮೇಲಿಟ್ಟುಕೊಂಡು ಹಣೆಯ ಚುಕ್ಕೆಯನ್ನು ಸವರುತ್ತಿದ್ದರು. ಅದು ಮೂರು ಗಂಟೆಗೆ ಸತ್ತಿತು. ಆಗ ಅವರು ಅತ್ತರು. ನಾನೂ ಅತ್ತೆ.

ಡಲ್ಲಾಸಿನಿಂದ ವಾಪಸ್ ಬಂದ ರೂಬಿ ಕಂಡದ್ದು ಇದನ್ನು. ಆಂಟಿ ಎದ್ದು ನಿಂತು, ತಾನೇ ತಿನ್ನಿಸಿದ್ದು, ತಪ್ಪು ತನ್ನದು ಎಂದರು. ರೂಬಿ ಹ್ಯಾಟಿನ ಅಂಚನ್ನು ಮುಟ್ಟಿ, "ನೀವು ತಂದಿದ್ದು ಊಟ ತಾಯಿ, ವಿಷ ಅಲ್ಲ," ಎಂದಳು. ನನ್ನ ಕಡೆ ತಿರುಗಿದಾಗ ದನಿ ಬೇರೆಯಾಗಿತ್ತು.

"ನನ್ನ ಕಸಬು ಏನಂತ ನಿನ್ನ ಮಂದಿಗೆ ಹೇಳಾಕ ನಿನಗ ನಾಚಿಕಿ ಬಂತು. ಹೌದಲ್ಲ?"

ಹೌದು ಎಂದೆ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಉಳಿದ ಆರು ಹೋರಿಗಳು ಹತ್ತು ದಿನ ಬರೀ ಒಣಹುಲ್ಲು ತಿಂದು ನಿಧಾನವಾಗಿ ಎದ್ದವು. ಅವುಗಳ ಬೆನ್ನಿನ ಅಗಲ ನನ್ನ ಕಣ್ಣೆದುರೇ ಇಳಿಯಿತು. ತೂಕದ ಹೊತ್ತಿಗೆ ನಾಲ್ಕನೆಯ ದೊಡ್ಡಿ ಹಿಂದೆ ಬೀಳುವುದು ಖಂಡಿತ. ಕಾಯಿಲೆ ಬಿದ್ದ ಪ್ರಾಣಿಗಳನ್ನು ಪರೀಕ್ಷೆಯಿಂದ ಹೊರಗಿಡಲು ಪುಸ್ತಕದಲ್ಲಿ ಅವಕಾಶವಿದೆ. ಹೊರಗಿಟ್ಟರೆ ಹದಿಮೂರು ಹೋರಿಗಳು ಜೋಳದ ದೊಡ್ಡಿಗೆ ಸಮನಾಗಿ ನಿಲ್ಲುತ್ತವೆ, ರೂಬಿಯ ಯಾರ್ಡು ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಒಮ್ಮೆ ಸುಮ್ಮನಿದ್ದುದರ ಫಲ ಅಂಗಳದಲ್ಲೇ ಸತ್ತು ಬಿದ್ದಿತ್ತು. ಏಳನ್ನೂ ಲೆಕ್ಕದೊಳಗೇ ಇಟ್ಟೆ. ಆ ಭಾನುವಾರ ಏನಾಯಿತು, ಯಾಕಾಯಿತು ಎಂದು ನವೆಂಬರ್ ತಿಂಗಳ ಹಾಳೆಯಲ್ಲಿ ಬರೆದು, ಯಾರಿಂದಾಯಿತು ಎಂಬಲ್ಲಿ ನನ್ನ ಹೆಸರು ಹಾಕಿದೆ.

ಜನವರಿಯ ತೂಕದ ದಿನ ಆಕಾಶದಿಂದ ಮಂಜಿನ ಹರಳು ಉದುರುತ್ತಿತ್ತು. ಗೇಟುಗಳ ಚಿಲಕ ಕೈಗೆ ಅಂಟಿಕೊಳ್ಳುತ್ತಿತ್ತು. ಒಂದೊಂದೇ ಹೋರಿ ತೂಕದ ಕಟಕಟೆ ಹೊಕ್ಕು ಹೊರಬಂತು. ಮೂರನೆಯ ದೊಡ್ಡಿ ಮೊದಲು, ಆಮೇಲೆ ನಾಲ್ಕನೆಯದು. ಕೂಡಿಸಿ ನೋಡಿದಾಗ ನನ್ನ ದೊಡ್ಡಿ ಹಿಂದೆ ಬಿದ್ದಿತ್ತು. ಬಹಳವಲ್ಲ. ಆದರೆ ರೂಬಿ ಹೇಳಿದ್ದು ಸಮ ಬರಬೇಕೆಂದು, ಸಮ ಬಂದಿರಲಿಲ್ಲ. ನಾನು ನವೆಂಬರ್ ತಿಂಗಳ ಹಾಳೆಯನ್ನೂ ಸೇರಿಸಿ ಅವಳ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಚಳಿಯಲ್ಲೇ ನಿಂತು, ಮೊದಲಿನಿಂದ ಕೊನೆಯವರೆಗೆ ಓದಿದಳು. ಬಿಲ್ಡರನ ಕಾಗದ ಅವಳ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಬಿದ್ದಿದ್ದು ನನಗೆ ಕಾಣುತ್ತಿತ್ತು.

"ಒಂದು ಸತ್ತು, ಆರು ಬಿದ್ದು ಎದ್ದ ವರ್ಷ ಇಷ್ಟು ತೂಗ್ಯಾವ," ಎಂದಳು ಕೊನೆಗೆ. "ಹಂಗಾದ್ರ ಯಾವುವೂ ಬೀಳದ ವರ್ಷ ಎಷ್ಟು ತೂಗ್ತಾವ, ಡಾಕ್?"

ಡಾಕ್ ಅಂದರೆ ಡಾಕ್ಟರು, ನಾನು. ಅವಳು ರಮೋನನ ಕಡೆ ತಿರುಗಿ, ಮುಂದಿನ ವಾರದಿಂದ ಎಂಟೂ ದೊಡ್ಡಿಗೂ ನಾಲ್ಕನೆಯದರ ಮೇವನ್ನೇ ಹಾಕು ಎಂದಳು. ಏಳು ಹೋರಿಗಳನ್ನು ನಾನು ಬಚ್ಚಿಟ್ಟಿದ್ದರೆ ಆ ಪ್ರಶ್ನೆ ಕೇಳಲು ಅವಳಿಗೆ ಬರುತ್ತಲೇ ಇರಲಿಲ್ಲ.

ಹೋರಿಗಳನ್ನು ಕಳಿಸುವ ದಿನ ಸರೋಜಾ ಆಂಟಿ ಬಂದರು. ನಾನು ಕರೆದಿರಲಿಲ್ಲ, ದಿನ ಯಾವುದೆಂದು ಶ್ರೀಕಾಂತರಿಂದ ತಿಳಿದುಕೊಂಡಿದ್ದರು. ಅವತ್ತಿನವರೆಗೆ ಅವರು ನನ್ನ ಜೊತೆ ಮೊದಲಿನಂತೆ ಮಾತಾಡಿರಲಿಲ್ಲ.

"ಏನು ಕೊಟ್ರೆ ಇವುಗಳ ಹೊಟ್ಟೆ ಕೆಡಲ್ಲ?" ಎಂದು ಕೇಳಿದರು.

"ಒಣಹುಲ್ಲು ಕೊಡ್ರಿ ಆಂಟಿ."

ಲಾರಿ ಹತ್ತುವ ಓಣಿಯ ಬದಿಯಲ್ಲಿ ನಿಂತು ಹತ್ತೊಂಬತ್ತು ಹೋರಿಗಳಿಗೂ ಒಂದೊಂದು ಹಿಡಿ ಹುಲ್ಲನ್ನು ಕೈಯಿಂದಲೇ ತಿನ್ನಿಸಿದರು. ತಿನ್ನಿಸಿ ಕೈಮುಗಿದರು. "ತಿನ್ನೋರನ್ನ ಒಪ್ಪಿಕೊಂಡು ನಾನು ಬಂದಿಲ್ಲ," ಎಂದರು ನನಗೆ. "ಊರವರು ಬಿಸಾಕಿದ್ದನ್ನೆಲ್ಲ ತಿಂದು ಹೋಗ್ತಿವೆ. ಒಂದು ತುತ್ತಾದ್ರೂ ಇವಕ್ಕೇ ಅಂತ ಕೊಟ್ಟು ಕಳಿಸೋಣ." ರೂಬಿ ಗೇಟಿಗೆ ಒರಗಿ ನಿಂತು ನೋಡುತ್ತಿದ್ದಳು. ಲಾರಿ ಹೊರಟ ಮೇಲೆ, ಮುಂದಿನ ದೀಪಾವಳಿಗೂ ಬರುತ್ತೀರಾ ಎಂದು ಆಂಟಿಯನ್ನು ಕೇಳಿದಳು. ಬರುತ್ತೇನೆ, ಹುಲ್ಲು ಮಾತ್ರ ತರುತ್ತೇನೆ ಎಂದರು ಆಂಟಿ. ಅದನ್ನು ನಡೆಸಿಕೊಂಡೂ ಬಂದರು. ಮರುವರ್ಷ ಶ್ರೀಕಾಂತರಿಗೆ ಹ್ಯೂಸ್ಟನ್ನಿನಲ್ಲಿ ಕೆಲಸವಾಗಿ ನಾವು ಕ್ಲಿಯರ್ ಲೇಕಿಗೆ ಶಿಫ್ಟ್ ಆದೆವು.

ಈ ಮೇ ತಿಂಗಳಲ್ಲಿ ಹುಳಿ ಹಿಟ್ಟಿನ ಕಾರು ತೆಗೆದುಕೊಂಡು ಹೋದಾಗ ಬಡಾವಣೆಗಳು ಬೇಲಿಯವರೆಗೂ ಬಂದಿದ್ದವು. ಬೇಲಿಯೊಳಗೆ ಎಂಟು ದೊಡ್ಡಿಗಳೂ ತುಂಬಿದ್ದವು. ಆಸ್ಟಿನ್ನಿನ ಲಾರಿ ಚರಟ ಸುರಿದು ಹೋಗಿತ್ತು, ರಮೋನ್ ಒಂದು ಮುಷ್ಟಿ ತೆಗೆದು ಹಿಂಡಿ ನೋಡುತ್ತಿದ್ದ. ರೂಬಿ ನನ್ನ ಡಿಕ್ಕಿಯೊಳಗೆ ಇಣುಕಿ ಮೂಗು ಮುಚ್ಚಿಕೊಂಡಳು.

"ಇದನ್ನ ನನ್ನ ದನಕ್ಕ ಹಾಕಬ್ಯಾಡ, ಡಾಕ್."

ಇಬ್ಬರೂ ನಕ್ಕೆವು. ನೀರಿನ ಪೈಪು ತಂದು ಡಿಕ್ಕಿ ತೊಳೆದೆವು. ಆಮೇಲೆ ಬೇಲಿಗೆ ಒರಗಿ ನಿಂತಾಗ ಹೇಳಿದಳು.

"ನಿಮ್ಮ ಆಂಟಿ ಹ್ವಾದ ದೀಪಾವಳಿಗೆ ಬರಲಿಲ್ಲ. ಮೊಣಕಾಲು ಆಪರೇಷನ್ ಆಗಿತ್ತಂತ. ಫೋನ್ ಮಾಡಿ ಭಾಳ ಬೇಜಾರು ಮಾಡ್ಕೊಂಡ್ಲು."

"ಮತ್ತ?"

"ಮತ್ತೇನು. ನಾನ ಕೊಟ್ಟೆ. ಎಂಟೂ ದೊಡ್ಡಿಗೆ, ಒಂದೊಂದು ಹೋರಿಗೂ ಒಂದೊಂದು ಹಿಡಿ ಹುಲ್ಲು, ಕೈಯಿಂದನ. ಅರ್ಧಾ ದಿನಾ ಹಿಡೀತು."

"ಆಂಟಿ ಕೊಟ್ಟ ಮ್ಯಾಲೆ ಕೈ ಮುಗೀತಿದ್ರು," ಎಂದೆ. "ನೀ ಏನ್ ಮಾಡಿದಿ?"

ರೂಬಿ ನಾಲ್ಕನೆಯ ದೊಡ್ಡಿಯ ಕಡೆ ತಿರುಗಿದಳು. ಅಲ್ಲಿ ಹೋರಿಗಳು ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು.

"ಹ್ಯಾಟ್ ತಗದೆ," ಎಂದಳು.